ಅಣ್ಣಿಗೇರಿ ದಾಟಿದ ಮ್ಯಾಲ

ಗೇರ್ ಸೈಕಲ್ಲಿನ ರಿಪೇರಿ ಬಾಕಿ ಹದಿನೆಂಟು ನೂರು.
ರೊಕ್ಕದ ಬದಲಿ ಹಾಸ್ಟೆಲ್ ಹುಡುಗ
ಗಿಟಾರ್ ಇಟ್ಟು ಹೋದ, ಜೊತಿಗೊಂದು ನೋಟಬುಕ್ಕು.
ಪರೀಕ್ಷಾ ಮುಗಿಸಿ ಬಿಡಿಸ್ಕೊಂಡು ಹೋಗ್ತೀನಿ ಅಂದಾವ
ಎರಡು ದೀಪಾವಳಿ ಆತು, ಬಂದಿಲ್ಲ.

ಬೆಟಗೇರಿ ಬಸ್‌ಸ್ಟ್ಯಾಂಡ್ ಎದುರು, ಟಿನ್ ಶೆಡ್ಡಿನಾಗ
ಟ್ಯೂಬುಗಳ ಪಕ್ಕ ತೂಗಹಾಕಿದ್ದೆ.
ಗಾಳಿ ಬಂದ್ರ ತಾನ ಗುಂಯ್ ಅಂತಿತ್ತು.

ನನಗ ಸಂಗೀತ ಗೊತ್ತಿಲ್ಲ. ಕಡ್ಡಿ ಗೊತ್ತು.
ಗಾಲಿ ತಿರುವಿ ಒಂದೊಂದ ಕಡ್ಡಿ ಉಗುರಿಲೆ ಮೀಟಿದ್ರ
ಯಾವುದು ಸಡ್ಲ, ಯಾವುದು ಬಿಗಿ, ಕಿವಿ ಹೇಳತೈತಿ.
ಮೂವತ್ತಾರು ಕಡ್ಡಿ ಒಂದ ಮಾತು ಆಡಬೇಕು,
ಇಲ್ಲಂದ್ರ ಗಾಲಿ ಡೊಂಕು.
ಆ ಕಿವಿ ನಂಬಿ ತಂತಿಗೆ ಕೈ ಹಾಕಿದೆ.

ನೋಟಬುಕ್ಕಿನಾಗ ಅಕ್ಷರ ಕಮ್ಮಿ, ಚುಕ್ಕಿ ಬಾಳ.
ಆರು ಗೆರಿ, ಗೆರಿ ಮ್ಯಾಲ ಚುಕ್ಕಿ.
"ಗಂಗವ್ವನ ರಂಗೋಲಿ ಪುಸ್ತಕ ನಿಮ್ಮ ಕೈಯಾಗ ಹೆಂಗ ಬಂತು?"
ಅಂದ್ಲು ಹೆಂಡ್ತಿ.
ಹೆಸರುಗಳನ್ನ ಮಗಳು ಜೈತುನ್ ಕನ್ನಡದಾಗ ಬರದುಕೊಟ್ಲು:
ಹಂಗೇರಿಯನ್. ಫ್ರಿಜಿಯನ್. ಬೈಜಾಂಟೈನ್.
ಮೊದಲ ತಿಂಗಳು ಬೆರಳ ತುದಿ ಸುಲಿದು
ಪಂಕ್ಚರ್ ಸೊಲ್ಯೂಷನ್ ಹಚ್ಚಿ ಬಾರಿಸೀನಿ.

ಒಂದಿನ ಸಂಜಿಮುಂದ, ಶಟರ್ ಅರ್ಧ ಇಳಿಸಿ
ಬೈಜಾಂಟೈನ್ ಹತ್ತಿ ಇಳೀತಿದ್ದೆ.
ಕೋಲು ಕುಟ್ಟಿಕೋತ ಫಕ್ಕೀರಯ್ಯ ಗವಾಯಿ ಬಂದ್ರು.
ಕಣ್ಣಿಲ್ಲ. ಆಶ್ರಮದಾಗ ಹನ್ನೆರಡು ವರ್ಷ ಕಲ್ತವರು,
ಈಗ ಲಗ್ನದ ಮನ್ಯಾಗ ಹಾಡ್ತಾರ,
ಲಗ್ನ ಇಲ್ಲದಾಗ ನನ್ನ ಸ್ಟೂಲಿನ ಮ್ಯಾಲ ಚಾ ಕುಡೀತಾರ.
"ಹಟೇಲಸಾಬ, ಮುಂಜಾನಿ ಭೈರವನ್ನ
ಸಂಜಿಗೆ ಯಾಕ ಎಬ್ಬಿಸೀಯೋ?"

ಭೈರವ ಅಲ್ರೀ, ಬೈಜಾಂಟೈನ್ ಅಂದೆ.
"ಅದ್ಯಾವ ಊರು? ಅಣ್ಣಿಗೇರಿ ದಾಟಿದ ಮ್ಯಾಲ ಬರತೈತೇನು?"
ನಕ್ಕ ರಭಸಕ್ಕ ಕಪ್ಪು ಬಸಿ ಎರಡೂ ಅಲುಗಿದವು.
ಆಮ್ಯಾಲ ನಗು ನಿಲ್ಲಿಸಿ,
"ರಿಷಭ ಮ್ಯಾಲ ಐತಿ. ಕೂದಲೆಳಿಯಷ್ಟು ಕೆಳಗ ಬೇಕು."

ಕೆಳಗ ಹೆಂಗ ಬರೋದು? ಗಿಟಾರಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ,
ಪಟ್ಟಿಗೊಂದ ಸ್ವರ, ನಡುವ ಜಾಗಿಲ್ಲ.
ಬಿರಡಿ ತಿರುವಿದ್ರ ಷಡ್ಜನೂ ಅದರ ಜೋಡಿ ಇಳೀತು.
ಒಂದು ಕಡ್ಡಿಗೋಸ್ಕರ ಇಡೀ ಗಾಲಿ ಕೆಡಿಸಿದಂಗ.
ಹದಿನೈದು ದಿನ ಕಳೀತು.
ಕಡೀಗೆ ಸಿಕ್ಕಿತು: ರಿಷಭದ ಮನೀಗೆ ಹೋಗಬಾರದು.
ಷಡ್ಜದ ಮನ್ಯಾಗ ನಿಂತು ತಂತಿ ದೂಡಬೇಕು,
ಹೊಸ್ತಿಲ ದಾಟದ ಹೊರಗ ಇಣುಕಿದಂಗ.
ಗವಾಯಿಗಳು ಏನೂ ಅನ್ನಲಿಲ್ಲ.
ಚಾಕ್ಕ ಇನ್ನೊಂದು ಚಮಚ ಸಕ್ರಿ ಕೇಳಿದ್ರು.

ಅಲ್ಲಿಂದ ಪುಟಕ್ಕೊಂದು ಗುರ್ತು ಹಿಡಿದ್ರು.
ಫ್ರಿಜಿಯನ್ ಅಂದ್ರ ಭೈರವಿ, ಕಚೇರಿ ಮುಗಿಸೋವಾಗ ಬರಾಕಿ.
ಹಂಗೇರಿಯವ ದಕ್ಷಿಣದಾಗ ಸಿಂಹೇಂದ್ರಮಧ್ಯಮ ಅಂತ ಹೆಸರು ಇಟ್ಕೊಂಡಾನ.
ಎಲ್ಲಾರಿಗೂ ತಮ್ಮ ಓಣ್ಯಾಗ ಮನಿ ಕೊಟ್ಟು ಕುಂದ್ರಿಸಿದ್ರು.
ಜಗತ್ತೆಲ್ಲಾ ಬೆಟಗೇರ್ಯಾಗ ಐತಿ ಅಂತ ನಾನೂ ನಂಬಿದೆ,

ಕಡೀ ಪುಟ ತೆಗೆಯೋತನಕ.

ಅಲ್ಲಿ ಹುಡುಗ "ಎನಿಗ್ಮ್ಯಾಟಿಕ್" ಅಂತ ಬರದು
ಅಡಿಗೆ ಗೆರಿ ಎಳದು, ಮತ್ತ ಗೆರಿ ಒರಸಿದ್ದ.
ಷಡ್ಜ. ಕೋಮಲ ರಿಷಭ. ಶುದ್ಧ ಗಾಂಧಾರ. ತೀವ್ರ ಮಧ್ಯಮ.
ಪಂಚಮ ಇರೋ ಜಾಗಾ ಖಾಲಿ.
ಅದನ್ನ ಜಿಗಿದು ಕೋಮಲ ಧೈವತ,
ಆಮ್ಯಾಲ ಎರಡೂ ನಿಷಾದ, ರಶ್ ಬಸ್ಸಿನಾಗ
ಒಂದ ಸೀಟಿಗೆ ತುರುಕಿಕೊಂಡು ಕುಂತವರಂಗ.

ಫಕ್ಕೀರಯ್ಯ ಬೆರಳ ಗೆಣ್ಣಿನ ಮ್ಯಾಲ ಎಣಿಸಿದ್ರು.
"ಮತ್ತೊಮ್ಮೆ." ಬಾರಿಸಿದೆ. "ಮತ್ತೊಮ್ಮೆ."
ಹಾಡಾಕ ಬಾಯಿ ತೆರದ್ರು; ಮುಚ್ಚಿದ್ರು.
ಚಾದ ಮ್ಯಾಲ ಕೆನಿ ಕಟ್ಟಿತು.
ಹೊರಗ ಕಂಡಕ್ಟರ್ "ನರೇಗಲ್ಲ, ನರೇಗಲ್ಲ" ಅಂತ ಕೂಗಿ ಕೂಗಿ
ಬಸ್ ಹತ್ತಿಸಿ ಹೋದ.
"ಇದಕ್ಕ ಇಡಾಕ ನನ್ನ ಕಡೆ ಹೆಸರಿಲ್ಲೋ," ಅಂದ್ರು.
ಅರವತ್ತೆಂಟರ ಮನಷಾ, ಸಾಲಿಗೆ ಹೊಸದಾಗಿ ಬಂದ ಹುಡುಗನಂಗ
ಮೊಣಕಾಲ ಮ್ಯಾಲ ಎರಡೂ ಕೈ ಇಟ್ಕೊಂಡು ಕುಂತಿದ್ರು.

ಎದ್ದು, ಶಟರ್ ಕೆಳಗ ಬಗ್ಗಿ, ಅಲ್ಲೇ ನಿಂತು:
"ನಾಳೆನೂ ಅದನ್ನ ಬಾರಿಸು.
ಅದರಾಗ ಕುಂದ್ರಾಕ ನನಗಿನ್ನೂ ಜಾಗ ಸಿಕ್ಕಿಲ್ಲ."

ಅವರು ಹೋದ ಮ್ಯಾಲ, ಮುಂಜಾನಿ ಕೊಡಬೇಕಾದ ಗಾಲಿ ತಿರುವಿದೆ.
ಒಂದು ಕಡ್ಡಿ ಸಡ್ಲಿತ್ತು.
ಬಿಗಿ ಮಾಡೂ ಮುಂಚೆ
ಎರಡು ಸಲ ಮೀಟಿದೆ.